ನೀರು ಇಳಿದ ಮೇಲೆ ಜಾಸ್ತಿ ಎಚ್ಚರ ಬೇಕು

ಈ ಊರಿಗೆ ಹೊಸದಾಗಿ ಬಂದವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಿರುಗಾಳಿ, ನೆರೆ ಬಂದಾಗ ಎಲ್ಲರೂ ಹುಷಾರಾಗಿರುತ್ತಾರೆ. ನಾನು ಎಡವಿದ್ದೆಲ್ಲ ನೀರು ಇಳಿದ ಮೇಲೆ.

ಮನೆಗೆ ವಾಪಸು ಬಂದವನು ಬರಿಗಾಲಲ್ಲೇ ಒಳಗೆ ಹೋದೆ. ಕೆಸರು ತಾನೇ, ತೊಳೆದರಾಯಿತು ಅಂದುಕೊಂಡೆ. ಅದರಲ್ಲಿ ಕಕ್ಕಸಿನ ನೀರು, ಪೆಟ್ರೋಲು, ಕೀಟನಾಶಕ, ಇಲಿಗಳ ಮೂತ್ರ ಎಲ್ಲ ಸೇರಿರುತ್ತದೆ. ಕಾಲಲ್ಲಿ ಸಣ್ಣ ಗಾಯವಿದ್ದರೂ ಸಾಕು, ಇಲಿಜ್ವರ ಬರಬಹುದು. ಕೆಲವರಿಗೆ ಅದು ಕಾಣಿಸಿಕೊಳ್ಳುವುದು 3-4 ವಾರದ ನಂತರ. ಆಗ ನೆರೆಯ ನೆನಪೇ ಇರುವುದಿಲ್ಲ. ಜ್ವರ ಬಂದರೆ ಆ ನೀರಲ್ಲಿ ಓಡಾಡಿದ್ದನ್ನು ಡಾಕ್ಟರಿಗೆ ಹೇಳಿ. ಬೂಟು, ಕೈಗವಸು ಇಲ್ಲದೆ ಒಳಗೆ ಕಾಲಿಡಬೇಡಿ. ಮಕ್ಕಳನ್ನಂತೂ ಕರೆದೊಯ್ಯಲೇಬೇಡಿ.

ಕುದಿಸಿದ ನೀರಿನ ಮೇಲೆ ನಮಗೆಲ್ಲ ತುಂಬಾ ನಂಬಿಕೆ ಅಲ್ವಾ? ಒಂದು ನಿಮಿಷ ಕೊತಕೊತ ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಎಣ್ಣೆ, ಕೀಟನಾಶಕ ಹೋಗುವುದಿಲ್ಲ. ಅಂಥ ನೀರನ್ನು ಬಿಟ್ಟೇಬಿಡಿ. ಜನರೇಟರನ್ನು ಮನೆಯೊಳಗೆ, ಗ್ಯಾರೇಜಿನಲ್ಲಿ ಹಚ್ಚಲೇಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆಯೇ ಇಲ್ಲ. ವಿಮೆಗೆ ಹಾಳಾದ ಸಾಮಾನಿನ ಫೋಟೋ, ಬಿಲ್ಲು ಇಟ್ಟುಕೊಳ್ಳಿ.

ನಮ್ಮ ನಾಯಿಯನ್ನು ಹಿತ್ತಲಿಗೆ ಬಿಟ್ಟಿದ್ದೆ. ಗುಂಡಿಯಲ್ಲಿ ನಿಂತ ನೀರು ಕುಡಿದು ನಾಲ್ಕು ದಿನ ಒದ್ದಾಡಿತು. ಎಲ್ಲಿ ನೋವು ಅಂತ ಹೇಳಲು ಅದಕ್ಕೆ ಬಾಯಿಯಿಲ್ಲ. ಆ ನಾಲ್ಕು ದಿನ ನಾನು ನಿದ್ದೆ ಮಾಡಲಿಲ್ಲ. ನೀವು ಕುಡಿಯದ ನೀರನ್ನು ಅದಕ್ಕೂ ಕುಡಿಯಲು ಬಿಡಬೇಡಿ. ದನ, ಕುದುರೆ ಸಾಕಿದವರು ನೆರೆಯಲ್ಲಿ ನೆನೆದ ಮೇವನ್ನು ಹಾಕಬೇಡಿ.

ಇನ್ನೊಂದು ತಪ್ಪು ಈಗಲೂ ಚುಚ್ಚುತ್ತದೆ. ಬೇಗ ಮುಗಿಯಲಿ ಅಂತ ಹಳೆ ಬಣ್ಣ, ಎಂಜಿನ್ ಆಯಿಲ್ ಎಲ್ಲವನ್ನೂ ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಸುರಿದೆ. ಸಾಮಾನ್ಯವಾಗಿ ಆ ಚರಂಡಿ ಯಾವ ಶುದ್ಧೀಕರಣವೂ ಇಲ್ಲದೆ ನೇರ ಹೊಳೆ ಸೇರುತ್ತದೆ. ಮಗಳು ಬಾತುಕೋಳಿ ನೋಡಲು ಹೋಗುವುದು ಅದೇ ಹೊಳೆಗೆ. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಬಾಡಿಗೆಯವನ ಹಾಗೇ ಬದುಕುತ್ತಿದ್ದೆ ಅಂತ ಅವತ್ತು ಗೊತ್ತಾಯಿತು. ಈ ಹೊಳೆ ನನ್ನದು ಅಂತ ನನಗೆ ಅನ್ನಿಸಿರಲೇ ಇಲ್ಲ. ಅವಳಿಗೆ ಬೇರೆ ಹೊಳೆ ಗೊತ್ತೇ ಇಲ್ಲ. ಅಂಥ ಡಬ್ಬಗಳನ್ನು ಬೇರೆಯಾಗಿ ಎತ್ತಿಡಿ, ಅಪಾಯದ ಕಸ ತೆಗೆದುಕೊಳ್ಳುವ ಕಡೆಗೇ ಕೊಡಿ.

ನೆನೆದದ್ದರಲ್ಲಿ 24ರಿಂದ 48 ಗಂಟೆಯೊಳಗೆ ಬೂಸ್ಟು ಶುರುವಾಗುತ್ತದೆ. ಹಾಸಿಗೆ, ಕಾರ್ಪೆಟ್ಟು ಬಿಸಾಡಲು ಕಷ್ಟವಾಗಲಿಲ್ಲ. ಮಗಳು ಅ ಆ ಇ ಈ ತಿದ್ದಿದ ಪುಸ್ತಕ ಮಾತ್ರ ಬಿಡಲು ಮನಸ್ಸಾಗಲಿಲ್ಲ. ಒಣಗಿಸಿ ಕಪಾಟಿನಲ್ಲಿಟ್ಟೆ. ವಾರದಲ್ಲಿ ಹಸಿರು ಬೂಸ್ಟು ಹಿಡಿಯಿತು, ಅವಳಿಗೆ ಕೆಮ್ಮು ಹಿಡಿಯಿತು. ಕೊನೆಗೆ ಹೊರಗೆ ಒಯ್ದು, ಮಾಸ್ಕ್ ಹಾಕಿಕೊಂಡು, ಒಂದೊಂದೇ ಹಾಳೆಯ ಫೋಟೋ ತೆಗೆದು ಬಿಸಾಡಿದೆ. ಳ ಬರೆದಿದ್ದ ಹಾಳೆ ಕೈಯಲ್ಲೇ ಹರಿದುಹೋಯಿತು. ಹೊಸ ಪುಸ್ತಕ ತಂದು ಮೊದಲಿಂದ ಶುರು ಮಾಡಿದ್ದೇವೆ.