ಎರಡು ಸಿಲಿಂಡರ್ ಕಮ್ಮಿ, ಇಪ್ಪತ್ತು ಗುಂಡಿ ಕಮ್ಮಿ

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ನನ್ನ ಗ್ಯಾರೇಜು. ಶಾರ್ಜಾದಲ್ಲಿ ಹನ್ನೊಂದು ವರ್ಷ ದುಡಿದು 2013ರಲ್ಲಿ ಊರಿಗೆ ಬಂದು ಹಾಕಿದ್ದು. ಮೊದಮೊದಲು ಆಲ್ಟೊ, ಜೀಪು, ಪಿಕಪ್ಪುಗಳೇ ಜಾಸ್ತಿ. ಈಗ ವಾರಕ್ಕೆ ಎರಡು ಮೂರಾದರೂ ದೊಡ್ಡ ಎಸ್‌ಯುವಿ ಬರುತ್ತವೆ. ಗಲ್ಫಿನಿಂದ ಬಂದವರದ್ದು, ಅಡಿಕೆಗೆ ರೇಟು ಬಂದ ವರ್ಷ ತೆಗೆದವರದ್ದು, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದವರದ್ದು.

ಇವರೆಲ್ಲ ಹೊಸ ಗಾಡಿಗೆ ಬದಲಾಯಿಸುವ ಮೊದಲು ನನ್ನ ಹತ್ತಿರ ಒಂದು ಮಾತು ಕೇಳುತ್ತಾರೆ. ಪ್ರಶ್ನೆ ಯಾವಾಗಲೂ ಒಂದೇ. "ನಮ್ಮದು ಮೂರು ಲೀಟರ್ ಇತ್ತು, ಹೊಸದು ಎರಡೇ ಅಂತೆ. ಘಾಟಿ ಹತ್ತೀತಾ?" ಒಳಗೆ ಕೂತರೆ ಎಸಿ ಗುಂಡಿ ಎಲ್ಲುಂಟು ಅಂತ ಕೇಳಿದವರು ಒಬ್ಬರೂ ಇರಲಿಲ್ಲ. ಆರು ತಿಂಗಳು ಬಿಟ್ಟು ಸರ್ವೀಸಿಗೆ ಬಂದಾಗ ಮಾತ್ರ ಎಲ್ಲ ಉಲ್ಟಾ. ಇಂಜಿನ್ ಸುದ್ದಿಯೇ ಇಲ್ಲ. ಒಳಗಿನ ಸ್ಕ್ರೀನಿಗೆ ಬೈಗುಳದ ಮಳೆ.

ನಾನೂ ಮೊದಲು ಇಂಜಿನ್ ಪಾರ್ಟಿಯೇ. ನನ್ನ ಹಳೆಯ ಗಿರಾಕಿ ಒಬ್ಬರು ಭಟ್ರು, ಮುಳ್ಳೇರಿಯ ಕಡೆ ತೋಟ. ಅವರ ಹತ್ತಿರ ಫೋರ್ಡಿನ ಎಂಡೇವರ್ ಇತ್ತು, 3.2 ಲೀಟರಿನದ್ದು, ಐದು ಸಿಲಿಂಡರ್. ಅದು ತೋಟದ ಏರು ಹತ್ತುವಾಗಿನ ಗುಡುಗಿನಂಥ ಶಬ್ದ ಕೇಳಿದರೆ ಸಾಕು, ಯಾರ ಗಾಡಿ ಅಂತ ಗೊತ್ತಾಗುತ್ತಿತ್ತು. ಅದನ್ನು ಕೊಟ್ಟು ಒಂದು ಜರ್ಮನ್ ಗಾಡಿ ತೆಗೆಯುತ್ತೇನೆ, ಎರಡು ಲೀಟರ್ ಡೀಸೆಲ್ ಅಂದಾಗ ನಾನು ನೇರ ಹೇಳಿದೆ: "ಬೇಡ ಭಟ್ರೆ. ಎರಡು ಟನ್ ಮೇಲಿನ ಗಾಡಿಗೆ ನಾಲ್ಕು ಸಿಲಿಂಡರ್ ಎಂತ ಸಾಕಾಗ್ತದೆ?"

"ಮಗ ಬುಕ್ ಮಾಡಿ ಆಯ್ತು ಮಾರಾಯ" ಅಂದರು.

ಗಾಡಿ ಬಂತು. ಮೊದಲ ಭಾನುವಾರವೇ ನನ್ನನ್ನೂ ಕೂರಿಸಿಕೊಂಡು ಮಡಿಕೇರಿಗೆ ಹೊರಟರು. ಆದೂರು, ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ. ಐದು ಜನ, ಹಿಂದೆ ಎರಡು ಚೀಲ ತೆಂಗಿನಕಾಯಿ ಬೇರೆ. ನಾನು ಸ್ಕ್ಯಾನರ್ ಚುಚ್ಚಿಕೊಂಡು ಟರ್ಬೊ ಒತ್ತಡ ನೋಡುತ್ತಾ ಕೂತಿದ್ದೆ, ಎಲ್ಲಿಯಾದರೂ ಮುಗ್ಗರಿಸಿದರೆ ತೋರಿಸಬೇಕು ಅಂತ. ಮುಗ್ಗರಿಸಲೇ ಇಲ್ಲ. ತಿರುವಿನಲ್ಲಿ ತೀರಾ ನಿಧಾನವಾಗಿ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಅರೆಗಳಿಗೆ ಯೋಚನೆ ಮಾಡಿದ ಹಾಗೆ ಆಗುತ್ತಿತ್ತು, ಅಷ್ಟೇ. ಆಮೇಲೆ ಒಂದೇ ಎಳೆತ.

ವಾಪಸು ಬಂದು ಕಾಗದ ಪೆನ್ನು ಹಿಡಿದು ಕೂತೆ. ಮರ್ಸಿಡಿಸಿನ ಹಳೆಯ ಮೂರು ಲೀಟರ್ ವಿ6 ಡೀಸೆಲ್ ಇತ್ತಲ್ಲ, ಅದು 2,987 ಸಿಸಿ. ಆರರಿಂದ ಭಾಗಿಸಿದರೆ ಒಂದೊಂದು ಸಿಲಿಂಡರ್ 498 ಸಿಸಿ. 2020ರಲ್ಲಿ ಇಲ್ಲಿಗೆ ಬಂದ ಅದೇ ಕಂಪನಿಯ ಜಿಎಲ್ಇ 300ಡಿ ಇಂಜಿನ್ 1,950 ಸಿಸಿ. ನಾಲ್ಕರಿಂದ ಭಾಗಿಸಿದರೆ 488. ಬಿಎಂಡಬ್ಲ್ಯು ನಾಲ್ಕು ಮತ್ತು ಆರು ಸಿಲಿಂಡರಿನ ಲೆಕ್ಕ ಮಾಡಿದರೂ ಅಲ್ಲಿಗೇ ಬರುತ್ತದೆ, ಅರ್ಧ ಲೀಟರಿನ ಆಸುಪಾಸು. ಅಂದರೆ ಸಿಲಿಂಡರ್ ಸಣ್ಣದಾಗಿಲ್ಲ, ಎರಡು ಕಮ್ಮಿಯಾಗಿದೆ. ಅಡಿಕೆ ಕೊಯ್ಯಲು ಆರು ಜನ ಬರುತ್ತಿದ್ದಲ್ಲಿಗೆ ನಾಲ್ಕೇ ಜನ ಬಂದ ಹಾಗೆ. ಆಳು ಅದೇ ಗಾತ್ರದವ, ಆದರೆ ಒಬ್ಬೊಬ್ಬನ ಊಟ ಜಾಸ್ತಿ, ಕೆಲಸವೂ ಜಾಸ್ತಿ.

ಆ ಊಟ ಬಡಿಸುವುದು ಟರ್ಬೊ. ಬಚ್ಚಲಿನ ಒಲೆಗೆ ಊದುಕೊಳವೆಯಲ್ಲಿ ಊದುತ್ತೇವಲ್ಲ, ಅದೇ ಕೆಲಸ. ಊದಿದ ತಕ್ಷಣ ಉರಿ ಏಳುವುದಿಲ್ಲ, ಒಂದು ಕ್ಷಣ ಬೇಕು. ಭಟ್ರಿಗೆ ತಿರುವಿನಲ್ಲಿ ಆದದ್ದು ಅದು. ಹೊಸ ಗಾಡಿಗಳಲ್ಲಿ ಒಂಬತ್ತು, ಹತ್ತು ಗೇರು ಇರುವುದು ಈ ಕ್ಷಣವನ್ನು ಮುಚ್ಚಲಿಕ್ಕೂ ಆಗುತ್ತದೆ. ಗೇರು ಹತ್ತಿರ ಹತ್ತಿರ ಇದ್ದರೆ ಆರ್‌ಪಿಎಂ ಕೆಳಗೆ ಬೀಳುವುದಿಲ್ಲ, ಊದುವುದು ನಿಲ್ಲುವುದಿಲ್ಲ.

ಹಾಗಂತ ಎಲ್ಲ ಕಡೆ ಲೆಕ್ಕ ಸರಿಯಾಗಿ ಕೂತಿದೆ ಅಂತಲ್ಲ. ಆ ವಿ6 ಸುಮಾರು 620 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೊಡುತ್ತಿತ್ತು, 300ಡಿ ಕೊಡುವುದು 500. ಎಂಡೇವರ್ 2020ರಲ್ಲಿ ಎರಡು ಲೀಟರಿಗೆ ಇಳಿದಾಗ 470 ಇದ್ದದ್ದು 420 ಆಯಿತು, ಐದನೇ ಸಿಲಿಂಡರಿನ ಆ ಶಬ್ದವೂ ಹೋಯಿತು. ಆದರೆ ಫಾರ್ಚುನರ್ ನೋಡಿ. ಮೂರು ಲೀಟರಿನಿಂದ 2.8ಕ್ಕೆ ಇಳಿದರೂ 2021ರ ಆಟೊಮ್ಯಾಟಿಕ್ ಮಾಡೆಲ್ ಹೊತ್ತಿಗೆ ಶಕ್ತಿ 204 ಪಿಎಸ್, ಟಾರ್ಕ್ 500 ನ್ಯೂಟನ್ ಮೀಟರ್. ಹಳೆಯದಕ್ಕಿಂತ ಎಷ್ಟೋ ಮೇಲೆ. ಆದ್ದರಿಂದ ನಾನೀಗ ಲೀಟರ್ ಕೇಳುವವರಿಗೆ "ಲೀಟರ್ ಬಿಡಿ, ಟಾರ್ಕ್ ಎಷ್ಟು, ಅದು ಎಷ್ಟು ಆರ್‌ಪಿಎಂನಿಂದ ಸಿಗುತ್ತದೆ ಅಂತ ಕೇಳಿ" ಅನ್ನುತ್ತೇನೆ.

ಕಂಪನಿಗಳು ಹೀಗೆ ಯಾಕೆ ಮಾಡಿದವು ಅಂತ ಹಲವರು ಕೇಳುತ್ತಾರೆ. ಯುರೋಪಿನಲ್ಲಿ ಕಾರ್ಬನ್ ಡೈಆಕ್ಸೈಡ್ ಲೆಕ್ಕ ಬಿಗಿಯಾಯಿತು. ನಮ್ಮಲ್ಲಿ 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದಿಲ್ಲಿ ಸುತ್ತಮುತ್ತ 2,000 ಸಿಸಿ ಮತ್ತು ಅದಕ್ಕೆ ಮೇಲಿನ ಡೀಸೆಲ್ ಗಾಡಿಗಳ ನೋಂದಣಿ ನಿಲ್ಲಿಸಿತ್ತು. ಆಗ ಮಹೀಂದ್ರಾದವರು ಕೂಡಲೇ 1.99 ಲೀಟರಿನ ಇಂಜಿನ್ ತಂದದ್ದು ನೆನಪಿರಬಹುದು. 2016ರ ಆಗಸ್ಟಿನಲ್ಲಿ ಶೇ. 1 ಸೆಸ್ ಹಾಕಿ ನಿಷೇಧ ತೆಗೆದರು. 2020ರ ಏಪ್ರಿಲಿಗೆ ಬಿಎಸ್6 ಅನ್ನುವ ಬಿಗಿ ಹೊಗೆ ನಿಯಮ ಬಂತು. ದಿಲ್ಲಿಯ ಹೊಗೆಗೆ ಬದಿಯಡ್ಕದಲ್ಲಿ ಸಿಲಿಂಡರ್ ಕಮ್ಮಿ!

ಸಣ್ಣ ಇಂಜಿನಿನ ಬಗ್ಗೆ ನನ್ನ ಹತ್ತಿರ ಬರುವ ನಿಜವಾದ ದೂರು ಒಂದೇ: "ಎಳೆಯುವುದಿಲ್ಲ." ಸ್ಕ್ಯಾನರ್ ಹಾಕಿದರೆ ಹತ್ತರಲ್ಲಿ ಏಳೆಂಟು ಸಲ ಸೈಲೆನ್ಸರ್ ದಾರಿಯಲ್ಲಿರುವ ಡಿಪಿಎಫ್, ಅಂದರೆ ಮಸಿ ಹಿಡಿಯುವ ಫಿಲ್ಟರು, ಕಟ್ಟಿಕೊಂಡಿರುತ್ತದೆ. ತೋಟದಿಂದ ಪೇಟೆಗೆ ನಾಲ್ಕು ಕಿಲೋಮೀಟರ್, ಪೇಟೆಯಿಂದ ಮನೆಗೆ ನಾಲ್ಕು. ಫಿಲ್ಟರು ಬಿಸಿಯಾಗಿ ಮಸಿ ಸುಟ್ಟುಕೊಳ್ಳಲು ಪುರುಸೊತ್ತೇ ಇಲ್ಲ. ಬಿಎಸ್6 ಡೀಸೆಲ್ ದೊಡ್ಡದಿರಲಿ ಸಣ್ಣದಿರಲಿ, ಇದು ಇದ್ದದ್ದೇ. ನನ್ನ ಮದ್ದು ಸುಲಭ: ಹದಿನೈದು ದಿನಕ್ಕೊಮ್ಮೆ ಹೈವೇಗೆ ಇಳಿದು ಇಪ್ಪತ್ತೈದು ನಿಮಿಷ, 2,000 ಆರ್‌ಪಿಎಂ ಮೇಲೆ, ಎಲ್ಲೂ ನಿಲ್ಲಿಸದೆ ಓಡಿಸಿ. ಒಬ್ಬರು ಹಾಜಿಯವರು ಇದನ್ನೇ ನೆಪ ಮಾಡಿಕೊಂಡು ಶುಕ್ರವಾರ ಸಂಜೆ ತಲಪಾಡಿ ದಾಟಿ ಮಂಗಳೂರಿಗೆ ಐಸ್‌ಕ್ರೀಮ್ ತಿನ್ನಲು ಹೋಗುತ್ತಾರೆ. ಮನೆಯವರು ಕೇಳಿದರೆ "ಗ್ಯಾರೇಜಿನವ ಹೇಳಿದ್ದು" ಅನ್ನುತ್ತಾರಂತೆ.

ಇನ್ನು ಆಯಿಲ್. ಕೈಪಿಡಿಯಲ್ಲಿ ಹದಿನೈದು ಸಾವಿರ ಕಿಲೋಮೀಟರ್ ಬರೆದಿದ್ದರೂ ನಾನು ಎಂಟು ಸಾವಿರಕ್ಕೆ ಬದಲಾಯಿಸುತ್ತೇನೆ. ಕಮ್ಮಿ ಸಿಲಿಂಡರ್, ಜಾಸ್ತಿ ಒತ್ತಡ, ಗಿರಗಿರ ತಿರುಗುವ ಟರ್ಬೊ. ಆಯಿಲಿಗೆ ವಿಶ್ರಾಂತಿ ಇಲ್ಲ. ಕೆಲವು ಹೊಸ ಇಂಜಿನಿನಲ್ಲಿ ಟೈಮಿಂಗ್ ಬೆಲ್ಟೇ ಆಯಿಲಿನಲ್ಲಿ ಮುಳುಗಿ ಓಡುತ್ತದೆ, ಅಲ್ಲಿ ತಪ್ಪು ಆಯಿಲ್ ಹೊಯ್ದರೆ ಬೆಲ್ಟಿಗೂ ಕೇಡು.

ಒಳಗಿನ ಕಥೆಗೆ ಬರುತ್ತೇನೆ. ನನ್ನ ಗ್ಯಾರೇಜಿನ ಕೆಲಸವನ್ನೇ ಬದಲಾಯಿಸಿದ್ದು ಅದು.

ಅದೇ ಭಟ್ರು, ಜೂನ್ ತಿಂಗಳು. ನಮ್ಮ ಜಿಲ್ಲೆಯ ಮಳೆ ಗೊತ್ತಲ್ಲ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಎರಡು ತಿಂಗಳಲ್ಲೇ. ಕುಂಬಳೆ ಹತ್ತಿರ ಹೈವೇ ಕೆಲಸ ನಡೆಯುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಮೂರು ಜನ ಹತ್ತಿದ್ದಾರೆ, ಎದುರಿನ ಗಾಜು ಒಂದೇ ಸಲ ಮಂಜು ಕಟ್ಟಿತು. ಹಳೆಯ ಗಾಡಿಯಲ್ಲಾದರೆ ಕಣ್ಣು ರಸ್ತೆ ಮೇಲಿದ್ದರೂ ಬೆರಳು ತಾನಾಗಿ ಗುಂಡಿಗೆ ಹೋಗುತ್ತಿತ್ತು. ಇದರಲ್ಲಿ ಸ್ಕ್ರೀನ್. ಅದರಲ್ಲಿ ಆಗ ಮ್ಯಾಪ್ ಇತ್ತು. ಮ್ಯಾಪ್ ಸರಿಸಿ ಎಸಿಯ ಪುಟಕ್ಕೆ ಹೋಗಬೇಕು. ಬೆರಳು ಒದ್ದೆ, ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಒತ್ತಿಕೊಳ್ಳುತ್ತದೆ. ಸೀಟು ಬಿಸಿಯಾಗಲು ಶುರುವಾಯಿತು! ಅಷ್ಟರಲ್ಲಿ ಎಡಗಡೆ ಎರಡು ಚಕ್ರ ಕೆಸರಿಗೆ ಇಳಿದಿತ್ತು. ಯಾರಿಗೂ ಏನೂ ಆಗಲಿಲ್ಲ. ಗಾಡಿ ಎಳೆಯಲು ಹೋದವ ನಾನೇ.

"ಇಂಜಿನ್ ಸಣ್ಣದು ಅಂತ ಹೆದರಿಸಿದೆಯಲ್ಲ," ಅಂದರು ಭಟ್ರು, ಪಂಚೆ ಹಿಂಡುತ್ತಾ, "ಈ ಟಿವಿ ದೊಡ್ಡದು ಅಂತ ಯಾಕೆ ಹೇಳಲಿಲ್ಲ?"

ಆವತ್ತಿನಿಂದ ಹೊಸ ಗಾಡಿ ತೆಗೆದವರು ಯಾರೇ ಬರಲಿ, ಗ್ಯಾರೇಜಿನ ಎದುರಿನ ಹಲಸಿನ ಮರದಡಿ ನಿಲ್ಲಿಸಿ ಒಂದೂವರೆ ಗಂಟೆ ಒಳಗೆ ಕೂರುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಚಾ ಅವರದ್ದು. ಮೊದಲು ಡಿಫಾಗರ್, ಅಂದರೆ ಗಾಜಿನ ಮಂಜು ತೆಗೆಯುವ ಗುಂಡಿ. ಗಾಡಿ ನಿಂತಿರುವಾಗಲೇ ಕಣ್ಣು ಮುಚ್ಚಿ ಹತ್ತು ಸಲ ಮಾಡಿಸುತ್ತೇನೆ. ಗುಂಡಿ ಇರುವ ಗಾಡಿಯಾದರೆ ಅದರ ಮೇಲೆ ಸಣ್ಣ ಉಬ್ಬು ಸ್ಟಿಕ್ಕರ್ ಅಂಟಿಸುತ್ತೇನೆ, ಬೆರಳಿಗೆ ತಾಗುವ ಹಾಗೆ. ಸ್ಕ್ರೀನಿನಲ್ಲಿ ಮಾತ್ರ ಇದ್ದರೆ ಶಾರ್ಟ್‌ಕಟ್ ಸಾಲಿನ ಮೊದಲ ಜಾಗಕ್ಕೆ ತರುತ್ತೇನೆ. ಸ್ಟೀರಿಂಗಿನಲ್ಲಿ ನಮಗೆ ಬೇಕಾದ್ದು ಇಟ್ಟುಕೊಳ್ಳುವ ಖಾಲಿ ಗುಂಡಿ ಕೆಲವು ಗಾಡಿಯಲ್ಲಿ ಉಂಟು, ಅದಕ್ಕೆ ಏನು ಕೊಡಬಹುದು ಅಂತ ಹುಡುಕುತ್ತೇನೆ. ಕಂಪನಿಯವರು ಅಲ್ಲಿ ರೇಡಿಯೊವನ್ನೋ ಇನ್ನೇನನ್ನೋ ಇಟ್ಟಿರುತ್ತಾರೆ. ಮಳೆಗಾಲಕ್ಕೆ ಆಟೋ ಎಸಿಯನ್ನು ಆಫ್ ಮಾಡಬೇಡಿ ಅಂತ ಸಾವಿರ ಸಲ ಹೇಳುತ್ತೇನೆ. ಎಸಿ ಓಡುತ್ತಿದ್ದರೆ ಒಳಗಿನ ಗಾಳಿಯ ನೀರು ಹೋಗುತ್ತದೆ, ಮಂಜು ಕಟ್ಟುವುದೇ ಕಮ್ಮಿ. ಹಾಜಿಯವರು ಚಳಿ ಅಂತ ಆಫ್ ಮಾಡುತ್ತಾರೆ. ಉಷ್ಣಾಂಶ ಏರಿಸಿ, ಆಫ್ ಮಾಡಬೇಡಿ ಅಂತ ಅವರ ಹತ್ತಿರ ಮಲಯಾಳದಲ್ಲಿ ಜಗಳ ಮಾಡಿದ್ದೇನೆ.

ಮಾತಾಡಿದರೆ ಕೇಳುತ್ತದೆ ಅಂತ ಮಾರುವಾಗ ಹೇಳುತ್ತಾರೆ. ಕೇಳುತ್ತದೆ, ಆದರೆ ಹೆಚ್ಚಾಗಿ ಇಂಗ್ಲಿಷ್ ಗೊತ್ತಿದ್ದರೆ. ಹಾಜಿಯವರು ಒಮ್ಮೆ ಅವರ ಭಾಷೆಯಲ್ಲೇ ಗದರಿಸಿದ್ದಕ್ಕೆ ಗಾಡಿ ದುಬೈಯಲ್ಲಿರುವ ಭಾವನಿಗೆ ಫೋನ್ ಹಚ್ಚಿತಂತೆ. ಈಗ ಅವರಿಗೆ ಎರಡೇ ಎರಡು ವಾಕ್ಯ ಬಾಯಿಪಾಠ ಮಾಡಿಸಿದ್ದೇನೆ, "ಐ ಆಮ್ ಕೋಲ್ಡ್" ಮತ್ತು "ಐ ಆಮ್ ಹಾಟ್". ಅಷ್ಟರಲ್ಲಿ ಅವರ ಸಂಸಾರ ನಡೆಯುತ್ತಿದೆ.

ಸ್ಕ್ರೀನಿನ ಸುತ್ತ ಇರುವ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಬಗ್ಗೆ ಹೇಳದಿರುವುದೇ ಒಳ್ಳೆಯದು. ಅಂಗಡಿಯಲ್ಲಿ ಚಂದ, ಅಡಿಕೆ ಅಂಗಳದ ಧೂಳಿನಲ್ಲಿ ಗೀರು ಬೀಳಲು ಎಂಟು ದಿನ ಸಾಕು. ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಫಿಲ್ಮ್ ಹಾಕಿಸಿ.

ಯುರೋಪಿನಲ್ಲಿ ಗಾಡಿಗಳ ಸುರಕ್ಷತೆ ಪರೀಕ್ಷಿಸಿ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್‌ನವರು 2026ರಿಂದ ಒಳ್ಳೆಯ ಅಂಕ ಬೇಕಾದರೆ ಇಂಡಿಕೇಟರ್, ಹಜಾರ್ಡ್ ಲೈಟ್, ಹಾರನ್, ವೈಪರ್, ತುರ್ತು ಕರೆಗೆ ಸ್ಕ್ರೀನಿನಲ್ಲಲ್ಲದ ನಿಜವಾದ ಸ್ವಿಚ್ಚು ಇರಬೇಕು ಅಂದಿದ್ದಾರೆ. ಓದಿ ಖುಷಿಯಾಯಿತು. ಆದರೆ ಆ ಪಟ್ಟಿಯಲ್ಲಿ ಡಿಫಾಗರ್ ಇಲ್ಲ. ಜೂನಿನಲ್ಲಿ ಒಮ್ಮೆ ಕುಂಬಳೆಗೆ ಬಂದಿದ್ದರೆ ಸೇರಿಸುತ್ತಿದ್ದರೋ ಏನೋ.

ಮೊನ್ನೆ ಹಾಜಿಯವರು ಹೊಸ ಗಾಡಿ ನೋಡಲು ಮಂಗಳೂರಿಗೆ ಹೋಗಿದ್ದರು. ಸೇಲ್ಸಿನ ಹುಡುಗ ಇಂಜಿನ್ ಬಗ್ಗೆ ಹೇಳಲು ಬೋನೆಟ್ ಎತ್ತಿದನಂತೆ. ಇವರು ಸೀದಾ ಬಾಗಿಲು ತೆಗೆದು ಒಳಗೆ ಕೂತು, ಕಣ್ಣು ಮುಚ್ಚಿ, ಬೆರಳಾಡಿಸಿ ಹುಡುಕಲು ಶುರು ಮಾಡಿದ್ದಾರೆ. ಅಲ್ಲಿಂದಲೇ ನನಗೆ ಫೋನ್: "ಎಂತ ಮಾರಾಯ, ಇದರಲ್ಲೂ ಗುಂಡಿ ಸಿಗ್ತಾ ಇಲ್ಲ. ಬಿಟ್ಟು ಬರ್ಲಾ?"