ತಲೆಗೆ ಹತ್ತದ ಭೌತಶಾಸ್ತ್ರ, ಬಿಡಲಾಗದ ಬಿಡಿಎಸ್ ಆಸೆ: ನನ್ನ ಅನುಭವ

ಭೌತಶಾಸ್ತ್ರ ತಲೆಗೆ ಹತ್ತುವುದಿಲ್ಲ ಎಂಬ ಒಂದೇ ಕಾರಣಕ್ಕೆ ದಂತವೈದ್ಯರಾಗುವ ಆಸೆಯನ್ನು ಕೈಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಪಿಯು ಓದುವಾಗ ನನ್ನ ಜೊತೆ ಹಾಸ್ಟೆಲಿನಲ್ಲಿದ್ದವರಲ್ಲೇ ಹಲವರಿದ್ದರು. ಜೀವಶಾಸ್ತ್ರದಲ್ಲಿ ನನಗಿಂತ ಎಷ್ಟೋ ಚುರುಕಾಗಿದ್ದವರು. ಅವರಲ್ಲಿ ಯಾರಿಗೂ ಬುದ್ಧಿ ಕಡಿಮೆ ಇರಲಿಲ್ಲ. ಎಲ್ಲಿ ಎಡವುತ್ತಿದ್ದಾರೆ ಎಂದು ಪಕ್ಕದಲ್ಲಿ ಕುಳಿತು ಹುಡುಕಿಕೊಡುವವರು ಇರಲಿಲ್ಲ, ಅಷ್ಟೆ. ನನಗೆ ಅಂಥ ಒಬ್ಬರು ಸಿಕ್ಕರು. ಹಾಗಾಗಿ ನಾನು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆದಿಡುತ್ತಿದ್ದೇನೆ.

ನನ್ನೂರು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಸೀಮೆ ಅದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಶುದ್ಧ ನೀರಿನ ಘಟಕಗಳು ಬರುವ ಮೊದಲು ಆ ಲೆಕ್ಕವನ್ನು ನಮ್ಮ ಕಡೆ ಕೇಳುವವರಿರಲಿಲ್ಲ, ಬಾವಿಯಲ್ಲಿ ಬಂದದ್ದನ್ನು ಕುಡಿದು ಬೆಳೆದೆವು. ಹಲ್ಲಿನ ಎನಾಮೆಲ್ ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಫ್ಲೋರೈಡ್ ಅತಿಯಾದರೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆಗಳು ಮೂಡುತ್ತವೆ, ಹೆಚ್ಚಾದರೆ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗುವ ಕಲೆಯಲ್ಲ. ಗಂಡಿನ ಕಡೆಯವರು ನೋಡಲು ಬಂದಾಗ ನಮ್ಮಕ್ಕ ಬಾಯಿ ಬಿಟ್ಟು ನಗುತ್ತಿರಲಿಲ್ಲ. ಆ ವಯಸ್ಸಿನಲ್ಲೇ ನಾನು ದಂತವೈದ್ಯೆಯಾಗಬೇಕೆಂದು ನಿಶ್ಚಯಿಸಿದ್ದೆ. ಎಂಬಿಬಿಎಸ್ ಸಿಗದವರು ದಂತವೈದ್ಯಕೀಯ ಪದವಿಯಾದ ಬಿಡಿಎಸ್‌ಗೆ ಹೋಗುತ್ತಾರೆ ಎಂಬ ಮಾತು ಕೇಳಿದಾಗ ನನಗೆ ಈಗಲೂ ಬೇಸರವಾಗುತ್ತದೆ. ನನಗೆ ಮೊದಲಿನಿಂದಲೂ ಬೇಕಿದ್ದದ್ದು ಇದೇ.

ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮ. ಪಿಯುಗೆ ತುಮಕೂರಿಗೆ ಬಂದು ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಸೇರಿದೆ. ಜೀವಶಾಸ್ತ್ರದ ಇಂಗ್ಲಿಷ್ ಕೆಲವು ತಿಂಗಳಲ್ಲಿ ಹತೋಟಿಗೆ ಬಂತು. ಓದಿದಷ್ಟೂ ನೆನಪಿನಲ್ಲಿ ಉಳಿಯುತ್ತಿತ್ತು. ಭೌತಶಾಸ್ತ್ರದಲ್ಲಿ ಹಾಗಾಗಲಿಲ್ಲ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವಾಗ ಎಲ್ಲವೂ ಅರ್ಥವಾದಂತೆಯೇ ಇರುತ್ತಿತ್ತು. ಹಾಸ್ಟೆಲಿಗೆ ಬಂದು ಅದೇ ಬಗೆಯ ಲೆಕ್ಕವನ್ನು ನಾನಾಗಿ ಮಾಡಲು ಕುಳಿತರೆ ಎರಡನೇ ಸಾಲಿಗೇ ಪೆನ್ನು ನಿಲ್ಲುತ್ತಿತ್ತು. ಕಿರುಪರೀಕ್ಷೆಯ ಉತ್ತರಪತ್ರಿಕೆ ಕೊಡುವ ದಿನ ಊಟ ಸೇರುತ್ತಿರಲಿಲ್ಲ. ಉಪನ್ಯಾಸಕರೊಬ್ಬರು ಕರೆದು, "ನೋಡಮ್ಮ, ನಿನಗೆ ಬಯಾಲಜಿ ಚೆನ್ನಾಗಿ ಬರುತ್ತದೆ. ಅದರಲ್ಲೇ ಅಂಕ ತೆಗೆ. ಫಿಸಿಕ್ಸ್ ಪಾಸಾದರೆ ಸಾಕು" ಎಂದರು. ಕಾಳಜಿಯಿಂದಲೇ ಹೇಳಿದ್ದರು. ಈ ಸಲಹೆ ಇವತ್ತಿಗೂ ಬಹಳಷ್ಟು ಮಕ್ಕಳಿಗೆ ಸಿಗುತ್ತಿದೆ, ನಾನು ಅದನ್ನು ಒಪ್ಪುವುದಿಲ್ಲ.

ಲೆಕ್ಕ ಹಾಕಿ ನೋಡಿ. ಪಿಯುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳಿಗೆ ಶೇ 40 ಬಂದರೆ ಬಿಡಿಎಸ್‌ಗೆ ಅರ್ಹತೆ ಸಿಗುತ್ತದೆ, ಸೀಟು ಸಿಗುವುದಿಲ್ಲ. ಸೀಟು ನಿರ್ಧಾರವಾಗುವುದು ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ನೀಟ್ ರ‍್ಯಾಂಕಿನ ಮೇಲೆ. ಎಂಬಿಬಿಎಸ್‌ಗೂ ಬಿಡಿಎಸ್‌ಗೂ ಒಂದೇ ಪರೀಕ್ಷೆ, ಒಂದೇ ಪಟ್ಟಿ. ಒಟ್ಟು 720 ಅಂಕ. ಜೀವಶಾಸ್ತ್ರಕ್ಕೆ 360, ಉಳಿದೆರಡಕ್ಕೆ ತಲಾ 180. ಜೀವಶಾಸ್ತ್ರದಲ್ಲಿ ಆಗಲೇ 300ರ ಆಸುಪಾಸಿನಲ್ಲಿರುವವರು ಇನ್ನೂ 20 ಅಂಕ ಏರಲು ಪಡುವ ಪಾಡು ಸಣ್ಣದಲ್ಲ, ಅಲ್ಲಿ ಉಳಿದಿರುವುದೆಲ್ಲ ಮೂಲೆಯ ಪ್ರಶ್ನೆಗಳು. ಭೌತಶಾಸ್ತ್ರದಲ್ಲಿ 20 ಇರುವವರು 80ಕ್ಕೆ ಏರುವುದು ಅದಕ್ಕಿಂತ ಸುಲಭ. ಏರಲು ಜಾಗ ಇರುವ ಕಡೆಯೇ ಶ್ರಮ ಹಾಕಬೇಕು.

ಆ ದಸರಾ ರಜೆಗೆ ಊರಿಗೆ ಹೋದಾಗ, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾಗಿದ್ದ ಮೇಷ್ಟ್ರ ಬಳಿ ಹೋದೆ. ಅವರು ಪಿಯು ಭೌತಶಾಸ್ತ್ರ ಪಾಠ ಮಾಡಿದವರೇ ಅಲ್ಲ. ಪಠ್ಯಪುಸ್ತಕವನ್ನು ಪಕ್ಕಕ್ಕಿಟ್ಟು ನನ್ನ ರಫ್ ಪುಸ್ತಕ ಕೇಳಿದರು. "ಸರಿಯಾದದ್ದು ಬೇಡ, ಅರ್ಧಕ್ಕೆ ನಿಂತ ಲೆಕ್ಕಗಳನ್ನು ಮಾತ್ರ ತೋರಿಸಮ್ಮ" ಎಂದರು. ಒಂದೊಂದು ಲೆಕ್ಕದ ಪಕ್ಕದಲ್ಲೂ ಅದು ಯಾಕೆ ನಿಂತಿತು ಎಂಬುದನ್ನು ಕೆಂಪು ಪೆನ್ನಿನಲ್ಲಿ ಒಂದೇ ಪದದಲ್ಲಿ ನನ್ನ ಕೈಯಿಂದಲೇ ಬರೆಸಿದರು. ಪ್ರಶ್ನೆಯೇ ಅರ್ಥವಾಗದಿದ್ದರೆ "ಪ್ರಶ್ನೆ". ಯಾವ ಸೂತ್ರ ಹಾಕಬೇಕೆಂದು ಹೊಳೆಯದಿದ್ದರೆ "ಸೂತ್ರ". ಸೂತ್ರ ಬರೆದ ಮೇಲೆ ಮುಂದೆ ಸಾಗದಿದ್ದರೆ "ಗಣಿತ". ಸೆಂಟಿಮೀಟರನ್ನು ಮೀಟರ್ ಮಾಡದೆ ಬಿಟ್ಟಿದ್ದರೆ "ಏಕಮಾನ".

ಪುಸ್ತಕ ಮುಗಿಯುವ ಹೊತ್ತಿಗೆ ಪುಟದಂಚುಗಳ ತುಂಬ "ಗಣಿತ", "ಗಣಿತ" ಎಂದೇ ಇತ್ತು. ನನಗೆ ಭೌತಶಾಸ್ತ್ರ ಬರುವುದಿಲ್ಲ ಎಂದು ನಾನು, ನನ್ನ ಮನೆಯವರು, ಕಾಲೇಜಿನವರು ಎಲ್ಲರೂ ನಂಬಿದ್ದೆವು. ಆ ಕೆಂಪು ಅಕ್ಷರಗಳು ಬೇರೆಯದನ್ನೇ ಹೇಳುತ್ತಿದ್ದವು. ಹತ್ತರ ಘಾತಗಳ ಗುಣಾಕಾರ ಭಾಗಾಕಾರ, ಅನುಪಾತ, 30, 45, 60 ಡಿಗ್ರಿಗಳ ತ್ರಿಕೋನಮಿತಿ ಬೆಲೆಗಳು, ನಕ್ಷೆಯ ಇಳಿಜಾರು ಮತ್ತು ಅದರ ಕೆಳಗಿನ ವಿಸ್ತೀರ್ಣ, ಸೂತ್ರದೊಳಗಿನ ಒಂದು ರಾಶಿಯನ್ನು ಬೇರ್ಪಡಿಸಿ ಎಡಕ್ಕೆ ತರುವುದು: ನನಗೆ ಗಟ್ಟಿ ಇರದಿದ್ದದ್ದು ಇಷ್ಟು. ಹೆಚ್ಚುಕಡಿಮೆ ಎಲ್ಲವೂ ಒಂಬತ್ತು, ಹತ್ತನೇ ತರಗತಿಯ ಪಾಠಗಳೇ. ತಳಪಾಯದಲ್ಲಿ ನಾಲ್ಕು ಕಲ್ಲು ಸಡಿಲವಾಗಿದ್ದರೆ ಮೇಲಿನ ಗೋಡೆಗೆ ಎಷ್ಟು ಸುಣ್ಣ ಬಳಿದರೂ ಪ್ರಯೋಜನವಿಲ್ಲ. ಮೇಷ್ಟ್ರು ಹೈಸ್ಕೂಲಿನ ಗಣಿತ ಪುಸ್ತಕ ತೆಗೆದರು. ರಜೆ ಮುಗಿಯುವವರೆಗೂ ಸಂಜೆ ಅವರ ಮನೆಯ ಜಗಲಿಯ ಮೇಲೆ ಅದೇ ಪಾಠ.

ಒಂದು ಉದಾಹರಣೆ ಕೊಡುತ್ತೇನೆ. 400 ನ್ಯಾನೊಮೀಟರ್ ತರಂಗಾಂತರದ ಬೆಳಕಿನ ಒಂದು ಫೋಟಾನಿನ ಶಕ್ತಿ ಎಷ್ಟು? ಸೂತ್ರ ನನಗೆ ಬಾಯಿಪಾಠವಾಗಿತ್ತು: ಪ್ಲಾಂಕ್ ಸ್ಥಿರಾಂಕವನ್ನು ಬೆಳಕಿನ ವೇಗದಿಂದ ಗುಣಿಸಿ ತರಂಗಾಂತರದಿಂದ ಭಾಗಿಸಬೇಕು. ಬೆಲೆಗಳನ್ನು ಹಾಕಿದರೆ 6.6×10⁻³⁴ × 3×10⁸ ÷ 4×10⁻⁷. ಇಲ್ಲಿಗೆ ಬಂದ ಕೂಡಲೇ ನನ್ನ ಕೈ ನಡುಗುತ್ತಿತ್ತು, ಏಕೆಂದರೆ ನೀಟ್‌ನಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಮೇಷ್ಟ್ರು ಹೇಳಿಕೊಟ್ಟದ್ದು ಇಷ್ಟೆ: ಅಂಕಿಗಳನ್ನು ಒಂದು ಸಾಲಿನಲ್ಲಿ, ಹತ್ತರ ಘಾತಗಳನ್ನು ಇನ್ನೊಂದು ಸಾಲಿನಲ್ಲಿ ಬೇರೆ ಬೇರೆ ಬರೆ. ಮೇಲಿನ ಸಾಲು 6.6 × 3 ÷ 4, ಅಂದರೆ 4.95. ಕೆಳಗಿನ ಸಾಲು −34 + 8 + 7, ಅಂದರೆ −19. ಉತ್ತರ 4.95×10⁻¹⁹ ಜೌಲ್. ಎಲೆಕ್ಟ್ರಾನ್ ವೋಲ್ಟಿನಲ್ಲಿ ಬೇಕಾದರೆ 1.6×10⁻¹⁹ರಿಂದ ಭಾಗಿಸು, ಘಾತಗಳು ಹೊಡೆದುಹೋಗಿ ಸುಮಾರು 3.1 ಉಳಿಯುತ್ತದೆ. ಇಂಥವನ್ನು ಮಾಡಿ ಮಾಡಿ ಕೈ ಪಳಗಿದ ಮೇಲೆ, 1240ನ್ನು ನ್ಯಾನೊಮೀಟರಿನಲ್ಲಿರುವ ತರಂಗಾಂತರದಿಂದ ಭಾಗಿಸಿದರೆ ನೇರವಾಗಿ ಅದೇ 3.1 ಬರುತ್ತದೆ ಎಂಬ ಒಳದಾರಿಯೂ ಸಿಕ್ಕಿತು. ಒಳದಾರಿಯನ್ನು ಮೊದಲೇ ಕಲಿತಿದ್ದರೆ ಅದೊಂದು ಲೆಕ್ಕ ಮಾತ್ರ ಬರುತ್ತಿತ್ತು; ಸಾಲು ಬೇರ್ಪಡಿಸುವುದನ್ನು ಕಲಿತದ್ದರಿಂದ ಸ್ಥಿರವಿದ್ಯುತ್ತು, ಗುರುತ್ವ, ರಸಾಯನಶಾಸ್ತ್ರದ ಮೋಲ್ ಲೆಕ್ಕ ಎಲ್ಲಕ್ಕೂ ಅದೇ ಕೈ ನಡೆಯಿತು.

ಈಗ ದಿನವೂ ಕ್ಲಿನಿಕ್ಕಿನಲ್ಲಿ ಹುಳುಕು ತೆಗೆದ ಹಲ್ಲಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಿ ನೀಲಿ ಬೆಳಕು ಹಿಡಿಯುತ್ತೇನೆ. ಆ ಬೆಳಕಿನ ತರಂಗಾಂತರ 470 ನ್ಯಾನೊಮೀಟರಿನ ಆಸುಪಾಸು. ಫೋಟಾನ್ ಒಂದಕ್ಕೆ ಸುಮಾರು 2.6 ಎಲೆಕ್ಟ್ರಾನ್ ವೋಲ್ಟ್. ಕಾಂಪೋಸಿಟ್ ಒಳಗಿರುವ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ವಸ್ತು ಆ ನೀಲಿಯನ್ನು ಹೀರಿಕೊಂಡು, ಮೆತ್ತಗಿನ ರಾಳ ಗಟ್ಟಿಯಾಗುವ ಕ್ರಿಯೆಯನ್ನು ಆರಂಭಿಸುತ್ತದೆ. ಕೆಂಪು ಬೆಳಕನ್ನು ಎಷ್ಟು ಹೊತ್ತು ಹಿಡಿದರೂ ಅದು ಗಟ್ಟಿಯಾಗದು, ಏಕೆಂದರೆ ಆ ವಸ್ತು ಕೆಂಪನ್ನು ಹೀರಿಕೊಳ್ಳುವುದೇ ಇಲ್ಲ. ನಮ್ಮ ಕಣ್ಣನ್ನು ಕಾಯುವ ಕಿತ್ತಳೆ ಬಣ್ಣದ ಅಡ್ಡಫಲಕ ತಡೆಯುವುದೂ ಆ ನೀಲಿಯನ್ನೇ. ಎಕ್ಸ್‌ರೇ ತೆಗೆಯುವಾಗ ಕನಿಷ್ಠ ಆರು ಅಡಿ ದೂರ ಸರಿದು ನಿಲ್ಲುವುದರ ಹಿಂದೆ ದೂರ ಎರಡರಷ್ಟಾದರೆ ವಿಕಿರಣ ಕಾಲು ಭಾಗಕ್ಕಿಳಿಯುತ್ತದೆ ಎಂಬ ವಿಲೋಮ ವರ್ಗ ನಿಯಮವಿದೆ. ಹಲ್ಲಿನ ಡಾಕ್ಟರಿಗೆ ಭೌತಶಾಸ್ತ್ರ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದು.

ರಜೆ ಮುಗಿಸಿ ಬಂದ ಮೇಲೆ ಓದುವ ಕ್ರಮವನ್ನೇ ಬದಲಿಸಿದೆ. ಪಾಠವನ್ನು ಮತ್ತೆ ಮತ್ತೆ ಓದುವುದು ಬಿಟ್ಟೆ. ಎನ್‌ಸಿಇಆರ್‌ಟಿ (ಕೇಂದ್ರ ಪಠ್ಯಕ್ರಮದ) ಪುಸ್ತಕದಲ್ಲಿ ಬಿಡಿಸಿ ತೋರಿಸಿರುವ ಉದಾಹರಣೆಗಳಿವೆಯಲ್ಲ, ಅವುಗಳ ಉತ್ತರದ ಮೇಲೆ ಹಾಳೆ ಮುಚ್ಚಿ ನಾನಾಗಿ ಬಿಡಿಸುತ್ತಿದ್ದೆ. ನಿಂತಲ್ಲಿ ಒಂದೇ ಒಂದು ಸಾಲು ತೆರೆದು ನೋಡಿ ಮತ್ತೆ ಮುಚ್ಚುವುದು. ಪಕ್ಕದಲ್ಲಿ ಕೆಂಪು ಪದ. ವಾರ ಕಳೆದ ಮೇಲೆ ಕೆಂಪು ಬಿದ್ದವುಗಳನ್ನು ಮಾತ್ರ ಹೊಸ ಹಾಳೆಯಲ್ಲಿ ಮಾಡುತ್ತಿದ್ದೆ. ಬಿಡಿಸಿದ ಲೆಕ್ಕವನ್ನು ಕಣ್ಣಿನಿಂದ ಓದಿ "ಗೊತ್ತಾಯಿತು" ಎಂದು ಪುಟ ತಿರುಗಿಸುವುದರಷ್ಟು ಕಾಲಹರಣ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಧ್ಯಾಯಗಳನ್ನೂ ಪುಸ್ತಕದ ಕ್ರಮದಲ್ಲಿ ಹಿಡಿಯಲಿಲ್ಲ. ಸೂತ್ರ ಕಡಿಮೆ, ನೇರ ಪ್ರಶ್ನೆ ಹೆಚ್ಚು ಇರುವ ದ್ಯುತಿವಿದ್ಯುತ್ ಪರಿಣಾಮ, ಪರಮಾಣು, ಬೀಜಕೇಂದ್ರ, ಅರೆವಾಹಕಗಳಿಂದ ಆರಂಭಿಸಿ ವಿದ್ಯುತ್ ಪ್ರವಾಹ, ಉಷ್ಣಗತಿಶಾಸ್ತ್ರ, ಕಿರಣ ದೃಗ್ವಿಜ್ಞಾನ ಮುಗಿಸಿದೆ. ಅಷ್ಟರಲ್ಲಿ ಧೈರ್ಯ ಬಂದಿತ್ತು. ಭ್ರಮಣ ಚಲನೆ ಮಾತ್ರ ಕೊನೆಯವರೆಗೂ ಸತಾಯಿಸಿತು. ಅದರಲ್ಲಿ ಟಾರ್ಕ್ (ಬಲ ವಸ್ತುವನ್ನು ತಿರುಗಿಸುವ ಪರಿಣಾಮ) ಭಾಗವನ್ನಷ್ಟೇ ಗಟ್ಟಿ ಮಾಡಿಕೊಂಡು ಉಳಿದದ್ದನ್ನು ಬಿಟ್ಟೆ. ಆ ಟಾರ್ಕೇ ಬಿಡಿಎಸ್‌ನಲ್ಲಿ ಹೆಚ್ಚು ಕೆಲಸಕ್ಕೆ ಬಂತು. ಕೆಳದವಡೆ ಒಂದು ಮೂರನೇ ವರ್ಗದ ಸನ್ನೆ, ಅಂದರೆ ಆಧಾರಕ್ಕೂ ಭಾರಕ್ಕೂ ನಡುವೆ ಬಲ ಬೀಳುವ ಸನ್ನೆ. ಕಿವಿಯ ಮುಂದಿನ ಕೀಲು ಅದರ ಆಧಾರ ಬಿಂದು. ಕೀಲಿಗೆ ಹತ್ತಿರವಿರುವ ದವಡೆ ಹಲ್ಲಿನಲ್ಲಿ ಬಾಚಿಹಲ್ಲಿಗಿಂತ ಹೆಚ್ಚು ಬಲ ಬೀಳುತ್ತದೆ. ಗಟ್ಟಿ ಅಡಿಕೆಯನ್ನು ಯಾರೂ ಮುಂದಿನ ಹಲ್ಲಿನಲ್ಲಿ ಕಡಿಯುವುದಿಲ್ಲವಲ್ಲ.

2018ರಲ್ಲಿ ಮೊದಲ ಸಲ ನೀಟ್ ಬರೆದಾಗ ಬಂದ ರ‍್ಯಾಂಕು ಸೀಟಿಗೆ ಸಾಲಲಿಲ್ಲ. ಅಪ್ಪ ಕಡಲೆಕಾಯಿ ಬೆಳೆಯುವವರು, ಆ ವರ್ಷ ಮಳೆಯೂ ಕೈಕೊಟ್ಟಿತ್ತು. "ಇನ್ನೊಂದು ವರ್ಷ ಓದಮ್ಮ, ಬಿಎಸ್ಸಿ ಸೇರುವುದು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು. ಆ ವರ್ಷ ನಾನು ಹೆಚ್ಚಾಗಿ ಕಲಿತದ್ದು ಪರೀಕ್ಷಾ ಕೊಠಡಿಯೊಳಗಿನ ಲೆಕ್ಕ. ಭೌತಶಾಸ್ತ್ರದ 45 ಪ್ರಶ್ನೆಗಳಲ್ಲಿ ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಳೆತ. ಎಲ್ಲ 45ನ್ನೂ ಅವಸರದಲ್ಲಿ ಗುರುತಿಸಿ 18 ಸರಿಯಾದರೆ 72 ಬರುತ್ತದೆ, 27 ಕಳೆಯುತ್ತದೆ, ಉಳಿಯುವುದು 45. ನಿಧಾನವಾಗಿ 20 ಪ್ರಶ್ನೆಗಳನ್ನಷ್ಟೇ ಮಾಡಿ 15 ಸರಿಯಾದರೆ 55. ಭೌತಶಾಸ್ತ್ರದಲ್ಲಿ ದುರ್ಬಲರಾದವರಿಗೆ ಈ ಎರಡನೇ ದಾರಿಯೇ ಕ್ಷೇಮ. ಜೀವಶಾಸ್ತ್ರ ಮೊದಲು, ರಸಾಯನಶಾಸ್ತ್ರ ಆಮೇಲೆ, ಉಳಿದ ಸಮಯವೆಲ್ಲ ಭೌತಶಾಸ್ತ್ರಕ್ಕೆ; ಮೊದಲ ಸುತ್ತಿನಲ್ಲಿ ಸೂತ್ರ ಕಂಡ ಕೂಡಲೇ ಹೊಳೆಯುವ ಪ್ರಶ್ನೆಗಳು, ಎರಡನೇ ಸುತ್ತಿನಲ್ಲಿ ಲೆಕ್ಕ ಉದ್ದವಿರುವವು. ಜೀವಶಾಸ್ತ್ರ ಮತ್ತು ನಿರವಯವ ರಸಾಯನಶಾಸ್ತ್ರಕ್ಕೆ ಎನ್‌ಸಿಇಆರ್‌ಟಿಯ ಸಾಲು ಸಾಲನ್ನೂ ಓದಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

2017ರಿಂದ ನೀಟ್ ಕನ್ನಡದಲ್ಲೂ ಇದೆ. ಪ್ರಶ್ನೆಪತ್ರಿಕೆಯಲ್ಲಿ ಕನ್ನಡದ ಜೊತೆಗೆ ಇಂಗ್ಲಿಷೂ ಇರುತ್ತದೆ. ಎರಡರ ನಡುವೆ ಗೊಂದಲವಾದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ. ಪಿಯುವಿನ ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದ್ದರಿಂದ ನಾನು ಇಂಗ್ಲಿಷನ್ನೇ ಆರಿಸಿಕೊಂಡೆ.

2019ರಲ್ಲಿ ಭೌತಶಾಸ್ತ್ರದ ಅಂಕ ನೂರರ ಹತ್ತಿರಕ್ಕೆ ಬಂತು. ಉಳಿದೆರಡು ವಿಷಯಗಳ ಅಂಕ ಹೆಚ್ಚುಕಡಿಮೆ ಹಿಂದಿನಷ್ಟೇ. ಸೀಟು ತಂದುಕೊಟ್ಟದ್ದು ನಾನು ಬಿಟ್ಟುಬಿಡಬೇಕಾಗಿದ್ದ ವಿಷಯವೇ ಎಂದು ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ರ‍್ಯಾಂಕ್ ಎಷ್ಟು ಎಂದು ಎರಡು ಸಲ ಕೇಳಿದರು.

ಇನ್ನು ಸೀಟು ಹಂಚಿಕೆಯ ವಿಷಯ. ರಾಜ್ಯದ ಕೋಟಾದ ಸೀಟುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ನೀಟ್ ಬರೆದರಷ್ಟೇ ಸಾಲದು, ಪ್ರಾಧಿಕಾರದಲ್ಲಿ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಆಯ್ಕೆಗಳನ್ನು ನಮೂದಿಸುವಾಗ ದಂತ ವೈದ್ಯಕೀಯ ಕಾಲೇಜುಗಳನ್ನೂ ನಿಮ್ಮ ಆದ್ಯತೆಯ ಕ್ರಮದಲ್ಲಿ ಧಾರಾಳವಾಗಿ ಹಾಕಿ. ಬಿಡಿಎಸ್ ಸೀಟು ಪಡೆದವರು ಮುಂದಿನ ಸುತ್ತಿನಲ್ಲಿ ಎಂಬಿಬಿಎಸ್ ಸಿಕ್ಕಿ ಹೋದಾಗ ಜಾಗ ತೆರವಾಗುತ್ತದೆ, ಹಾಗಾಗಿ ಮೊದಲ ಸುತ್ತಿನಲ್ಲಿ ಹೆಸರಿಲ್ಲವೆಂದು ನಿರಾಶರಾಗಬೇಡಿ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಇದೆ. ನನಗೆ ಎರಡೂ ಅನ್ವಯಿಸುತ್ತಿದ್ದವು. ಅವುಗಳ ಪ್ರಮಾಣಪತ್ರಗಳಿಗೆ ಓದಿದ ಶಾಲೆಯ ಮುಖ್ಯಶಿಕ್ಷಕರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಪ್ರಾಥಮಿಕ ಶಾಲೆ ಒಂದು ಕಡೆ, ಪ್ರೌಢಶಾಲೆ ಇನ್ನೊಂದು ಕಡೆ ಓದಿದ್ದರೆ ಎರಡೂ ಕಡೆಯಿಂದ ತರಬೇಕು. ಬೇಸಿಗೆ ರಜೆಯಲ್ಲಿ ಶಾಲೆಗಳು ಮುಚ್ಚಿರುತ್ತವೆ. ದ್ವಿತೀಯ ಪಿಯು ಪರೀಕ್ಷೆಗೆ ಕುಳಿತುಕೊಳ್ಳುವ ಮೊದಲೇ ಈ ಕಾಗದಗಳನ್ನು ಮಾಡಿಸಿಟ್ಟುಕೊಳ್ಳಿ.