ಹೆದ್ದಾರಿಯಲ್ಲಿ ‘ಅಡಾಸ್’ ಕಾರನ್ನು ಎಷ್ಟು ನಂಬಬೇಕು, ಎಲ್ಲಿ ನಂಬಬಾರದು

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವ ಹಲವು ಹೊಸ ಕಾರುಗಳಲ್ಲಿ ಈಗ ‘ಅಡಾಸ್’ (ಎಡಿಎಎಸ್), ಅಂದರೆ ಚಾಲಕನಿಗೆ ನೆರವಾಗುವ ವ್ಯವಸ್ಥೆ ಇದೆ. ಮುಂದಿನ ವಾಹನಕ್ಕೆ ತಕ್ಕಂತೆ ವೇಗವನ್ನು ಏರಿಳಿಸುವುದು, ಗೆರೆಗಳ ನಡುವೆ ಕಾರನ್ನು ಉಳಿಸಲು ಸ್ಟೀರಿಂಗನ್ನು ಮೆಲ್ಲಗೆ ತಿರುಗಿಸುವುದು, ಅಪಾಯ ಕಂಡರೆ ಬ್ರೇಕ್ ಹಾಕುವುದು ಇದರ ಕೆಲಸ. ಷೋರೂಮಿನವರು ಏನೇ ಹೇಳಲಿ, ಇದು ತಾನೇ ಓಡುವ ಕಾರಲ್ಲ. ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆಯು ಸ್ವಯಂಚಾಲನೆಗೆ 0ಯಿಂದ 5ರವರೆಗೆ ಗುರುತಿಸಿರುವ ಹಂತಗಳಲ್ಲಿ ಇದು ಹೆಚ್ಚೆಂದರೆ 2ನೇ ಹಂತ. ಅಲ್ಲಿ ರಸ್ತೆಯ ಮೇಲೆ ಕಣ್ಣಿಡುವ ಹೊಣೆ ಕ್ಷಣಕಾಲವೂ ಚಾಲಕನಿಂದ ಕಳಚುವುದಿಲ್ಲ. ಆದ್ದರಿಂದ ಇಡೀ ಕಾರನ್ನು ಒಟ್ಟಾಗಿ ನಂಬುವ ಬದಲು ಅದರ ಒಂದೊಂದು ಕೆಲಸವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ ನಂಬಬೇಕು.

ಹೊರಡುವ ಮೊದಲು ಒಳಗನ್ನಡಿಯ ಹಿಂದಿರುವ ಕ್ಯಾಮೆರಾದ ಮುಂದಿನ ಗಾಜನ್ನೂ ಕಾರಿನ ಮೂತಿಯಲ್ಲಿರುವ ರಾಡಾರಿನ ಭಾಗವನ್ನೂ ಒರೆಸಿ. ಹೊರಗಿನಿಂದ ಹಾಕಿಸಿದ ಬಂಪರ್ ಗಾರ್ಡ್ ರಾಡಾರನ್ನು ಮರೆಮಾಡಬಹುದು. ಆಯುಧಪೂಜೆಯ ದಪ್ಪ ಹೂವಿನ ಹಾರವೂ ಅಷ್ಟೇ, ಭಕ್ತಿಗೆ ಕುಂದಿಲ್ಲದಂತೆ ಅದನ್ನು ಹೆದ್ದಾರಿಗೆ ಇಳಿಯುವ ಮುನ್ನ ಬಿಚ್ಚಿಡಬಹುದು.

ಮೊದಲ ಅಭ್ಯಾಸ ಹಗಲಿನಲ್ಲಿ, ಮಳೆಯಿಲ್ಲದ ದಿನ, ವಾಹನಗಳು ವಿರಳವಾಗಿರುವಾಗ ನಡೆಯಲಿ. ವೇಗವನ್ನು 80ಕ್ಕೆ, ಮುಂದಿನ ವಾಹನದಿಂದ ಇರಬೇಕಾದ ಅಂತರವನ್ನು ಗರಿಷ್ಠಕ್ಕೆ ಹೊಂದಿಸಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ ಎಂಬುದನ್ನು ನೆನೆದರೆ ಆ ಅಂತರ ದೊಡ್ಡದೆನಿಸದು. ಖಾಲಿ ಜಾಗ ಕಂಡೊಡನೆ ಯಾರಾದರೂ ನುಗ್ಗುತ್ತಾರೆ, ನಿಮ್ಮ ಕಾರು ಹಠಾತ್ತನೆ ವೇಗ ತಗ್ಗಿಸುತ್ತದೆ. ಅದಕ್ಕೆ ಬೇಸತ್ತು ಅಂತರ ಕಡಿಮೆ ಮಾಡಬೇಡಿ, ಹಿಂದೆ ಯಾರು ಅಂಟಿಕೊಂಡು ಬರುತ್ತಿದ್ದಾರೆಂದು ಕನ್ನಡಿಯಲ್ಲಿ ನೋಡುತ್ತಿರಿ.

ಚಲಿಸುವ ವಾಹನವನ್ನು ಹಿಂಬಾಲಿಸುವಲ್ಲಿ ಈ ವ್ಯವಸ್ಥೆಗಳು ಸಾಕಷ್ಟು ನಂಬಿಕಸ್ತವೆಂದೇ ನನ್ನ ಅಭಿಪ್ರಾಯ. ನಿಂತ ವಾಹನದ ವಿಷಯ ಬೇರೆ. ಸೇತುವೆ, ಫಲಕ, ಡಿವೈಡರಿನ ಕಂಬಿಗಳಿಂದಲೂ ರಾಡಾರಿಗೆ ಪ್ರತಿಧ್ವನಿ ಬರುವುದರಿಂದ, ಪ್ರತಿಯೊಂದಕ್ಕೂ ಬ್ರೇಕ್ ಹಾಕದಂತೆ ಅನೇಕ ವ್ಯವಸ್ಥೆಗಳು ನಿಶ್ಚಲ ವಸ್ತುಗಳನ್ನು ಬಹುಮಟ್ಟಿಗೆ ಬದಿಗಿಡುತ್ತವೆ. ರಾತ್ರಿ ಕೆಟ್ಟುನಿಂತ ಲಾರಿಯನ್ನು ಊಹಿಸಿಕೊಳ್ಳಿ: ಹಿಂದಿನ ದೀಪವಿಲ್ಲ, ತ್ರಿಕೋನವಿಲ್ಲ, ಡಾಂಬರಿನ ಮೇಲೆ ನಾಲ್ಕು ಕಲ್ಲು ಮತ್ತು ಒಂದು ಹಸಿ ಸೊಪ್ಪಿನ ಕೊಂಬೆ. ಆ ಕೊಂಬೆ ಕಂಡೊಡನೆ ಮುಂದೆ ಲಾರಿಯಿದೆಯೆಂದು ನಮ್ಮ ಚಾಲಕರಿಗೆ ತಿಳಿಯುತ್ತದೆ. ಕಾರಿಗೆ ಅದು ಬರಿಯ ಸೊಪ್ಪು. ಮುಂದಿನ ಕಾರು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿದರಂತೂ ದಾರಿ ತೆರವಾಯಿತೆಂದು ನಿಮ್ಮ ಕಾರು ವೇಗವನ್ನೇ ಹೆಚ್ಚಿಸಬಹುದು. ಹೀಗಾಗಿ ಬಲಗಾಲು ಸದಾ ಬ್ರೇಕಿನ ಬಳಿ ಇರಲಿ. 2016ರ ಮೇ 7ರಂದು ಫ್ಲಾರಿಡಾದಲ್ಲಿ, ಟೆಸ್ಲಾ ಕಾರೊಂದು ‘ಆಟೊಪೈಲಟ್’ ಎಂಬ ಇಂಥದೇ ನೆರವಿನ ವ್ಯವಸ್ಥೆಯ ಚಾಲನೆಯಲ್ಲಿದ್ದಾಗ ರಸ್ತೆಗೆ ಅಡ್ಡ ಬಂದ ಟ್ರಕ್ಕಿಗೆ ಬ್ರೇಕ್ ಹಾಕದೆ ಡಿಕ್ಕಿ ಹೊಡೆದು ಚಾಲಕ ಸತ್ತರು. ಚಾಲಕ ಯಂತ್ರವನ್ನು ಅತಿಯಾಗಿ ನೆಚ್ಚಿದ್ದುದನ್ನೂ ತನಿಖೆ ಕಾರಣವಾಗಿ ಎತ್ತಿ ಹೇಳಿತು.

ಗೆರೆ ಮಾಸಿದಲ್ಲಿ, ಕಾಮಗಾರಿಯ ತಿರುವಿನಲ್ಲಿ, ಜೋರು ಮಳೆಯಲ್ಲಿ ಸ್ಟೀರಿಂಗ್ ನೆರವನ್ನು ಆರಿಸಿಬಿಡಿ. ಕೈಯಿದೆಯೆಂದು ಕಾರಿಗೆ ನಂಬಿಸಲು ಸ್ಟೀರಿಂಗಿಗೆ ನೀರಿನ ಬಾಟಲಿ ಸಿಕ್ಕಿಸುವುದು ಶುದ್ಧ ಮೂರ್ಖತನ.

ಕಣಿಮಿಣಿಕೆ, ಗಣಂಗೂರು ಟೋಲ್‌ಗಳು ಹತ್ತಿರವಾಗುತ್ತಿದ್ದಂತೆ ಬ್ರೇಕ್ ಒತ್ತಿ ವ್ಯವಸ್ಥೆಯನ್ನು ಬಿಡಿಸಿ. ಆಮೇಲೆ ಸರ್ವಿಸ್ ರಸ್ತೆಗೆ ಇಳಿದಾಗ ‘ರೆಸ್ಯೂಮ್’ ಗುಂಡಿಯನ್ನು ಒತ್ತಬೇಡಿ. ಹೆದ್ದಾರಿಯಲ್ಲಿ ನೀವು ಇಟ್ಟಿದ್ದ ವೇಗವೇ ಅದರ ನೆನಪಿನಲ್ಲಿ ಇನ್ನೂ ಇರುತ್ತದೆ.